ಮಾಲೂರು ಮಣ್ಣು ಮತ್ತು ಮಾವನ ಕರಿ ಕಾರು

ಕಾರು ತೊಳೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಒಂದು ಬಕೆಟ್ಟು, ಒಂದು ಶಾಂಪೂ ಪ್ಯಾಕೆಟ್ಟು, ಅಪ್ಪನ ಹರಿದ ಬನಿಯನ್ನು. ಇವರು ಕಾರು ತೊಳೆಯುವುದಕ್ಕೂ ಎಮ್ಮೆ ಮೈ ತೊಳೆಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಎಮ್ಮೆ ಬಾಲದಲ್ಲಿ ಒಂದು ಏಟಾದರೂ ಕೊಡುತ್ತದೆ. ಕಾರು ಪಾಪ, ಸುಮ್ಮನಿರುತ್ತದೆ.

ನಮ್ಮ ಶ್ರೀನಿವಾಸಪುರದಲ್ಲಿ ಈ ಅನ್ಯಾಯವನ್ನು ಅರಿತ ಏಕೈಕ ವ್ಯಕ್ತಿ ನಾನು. ವಯಸ್ಸು ಹದಿನೇಳು, ಓದು ಸೆಕೆಂಡ್ ಪಿಯುಸಿ, ಪರಿಣತಿ ಕಾರ್ ಡೀಟೇಲಿಂಗ್. ಪರಿಣತಿಗೆ ಆಧಾರ ಫೋನಿನಲ್ಲಿ ನೋಡಿದ ನಲವತ್ತು ವಿಡಿಯೋ. ಅವುಗಳಲ್ಲಿ ಮೂವತ್ತೈದನ್ನು ನೋಡಿದ್ದು ಕೆಮಿಸ್ಟ್ರಿ ಕ್ಲಾಸಿನ ಕೊನೇ ಬೆಂಚಿನಲ್ಲಿ, ಆದ್ದರಿಂದ ಸೌಂಡ್ ಇಲ್ಲದೆ. ಈ ಸೌಂಡಿನ ವಿಚಾರ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಭಾರ್ಗವಿ ಅಕ್ಕನ ಮದುವೆ ಬಂತು. ನಮ್ಮಲ್ಲಿ ಗಂಡನ್ನು ದೇವಸ್ಥಾನದಿಂದ ಛತ್ರಕ್ಕೆ ಕಾರಿನಲ್ಲಿ ಕರೆತರುವವನು ಹೆಣ್ಣಿನ ತಮ್ಮ. ಡ್ರೈವರ್ ಪಕ್ಕದ ಮುಂದಿನ ಸೀಟು ಅವನದು. ಛತ್ರದ ಬಾಗಿಲಲ್ಲಿ ಗಂಡಿನ ಕಾಲು ತೊಳೆಯುವುದೂ ಅವನೇ. ಕಾಲು ತೊಳೆಯುವ ಭಾಗದಲ್ಲಿ ನನಗೆ ಆಸಕ್ತಿಯಿರಲಿಲ್ಲ. ನನ್ನ ಕಣ್ಣಿದ್ದದ್ದು ಮುಂದಿನ ಸೀಟಿನ ಮೇಲೆ. ಬಸ್‌ ಸ್ಟ್ಯಾಂಡಿನಲ್ಲಿ ಕ್ಲಾಸ್‌ಮೇಟ್‌ಗಳೆಲ್ಲ ನಿಂತಿರುತ್ತಾರೆ, ನಾನು ಕಿಟಕಿಯ ಮೇಲೆ ಮೊಣಕೈ ಇಟ್ಟು ಹಾದುಹೋಗುತ್ತೇನೆ. ಆ ಮೊಣಕೈಯನ್ನು ಕನ್ನಡಿ ಮುಂದೆ ಒಂದು ವಾರ ಅಭ್ಯಾಸ ಮಾಡಿದ್ದೆ.

ಕಾರು ಅಮ್ಮನ ತಮ್ಮ ರವಣಪ್ಪ ಮಾವನದು. ವೇಮಗಲ್ ಫ್ಯಾಕ್ಟರಿಯಲ್ಲಿ ಕೆಲಸ. ಕರಿ ಕಾರು, ಕೊಂಡು ಎರಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ. ಬೇಸಿಗೆಯಲ್ಲಿ ಕೂತು ಎದ್ದರೆ ಬೆನ್ನಿನ ಚರ್ಮ ಅರ್ಧ ಅಲ್ಲೇ ಉಳಿಯುತ್ತದೆ. ಮದುವೆಗೆಂದು ಬಂದ ಮಾವ ಅದನ್ನು ನಮ್ಮ ಮಾವಿನ ಮರದ ಕೆಳಗೆ ನಿಲ್ಲಿಸಿದರು. ಕಾಯಿಯ ಸೊನೆ ತೊಟ್ಟಿಕ್ಕಿ ಬಾನೆಟ್ ತುಂಬ ಕಲೆ.

"ಬಾಷಾ ಹತ್ರ ತಗೊಂಡೋಗಿ ವಾಟರ್ ಸರ್ವಿಸ್ ಮಾಡಿಸ್ಕೊಂಡ್ ಬರ್ತೀನಿ" ಅಂದರು ಮಾವ.

"ಮಾವ, ಅದು ವಾಶಿಂಗು. ಈ ಕಾರಿಗೆ ಬೇಕಾಗಿರೋದು ಡೀಟೇಲಿಂಗು."

"ಅಂಗಂದ್ರೆ ಏನ್ಲಾ?"

"ವಾಶಿಂಗ್ ಅಂದ್ರೆ ಮುಖ ತೊಳ್ಕೊಳ್ಳೋದು. ಡೀಟೇಲಿಂಗ್ ಅಂದ್ರೆ ಮದುಮಗಳಿಗೆ ಮೇಕಪ್ ಮಾಡೋದು."

"ಇವ್ನು ಬೆಳಗ್ಗೆಯಿಂದ ಮುಖಾನೇ ತೊಳ್ದಿಲ್ಲ ಮಾವ" ಅಂದಳು ಅಕ್ಕ. ಜ್ಞಾನಿಗಳನ್ನು ಮನೆಯವರು ಗುರುತಿಸುವುದಿಲ್ಲ.

ಮಾವನಿಗೆ ಅಪ್ಪನ ಜೊತೆ ಬೈಕಿನಲ್ಲಿ ಎರಡು ದಿನ ಉಳಿದ ಲಗ್ನಪತ್ರಿಕೆ ಹಂಚುವುದಿತ್ತು. ಕೀ ನನ್ನ ಕೈಗಿಟ್ಟರು. "ಬಾಗ್ಲು ತೆಗಿಯಕ್ಕೆ ಮಾತ್ರ. ಗಾಡಿ ಮೇಲೆ ಒಂದ್ ಗೀರು ಬಿತ್ತೋ, ಮುಂದಿನ ಸೀಟ್ ಮರ್ತುಬಿಡು."

ಕೀ ತಿರುಗಿಸುತ್ತಾ ಬಾಷಾ ಭಾಯಿಯ ವಾಟರ್ ಸರ್ವಿಸ್ ಮುಂದೆ ಹೋದೆ. ಮೂವತ್ತು ವರ್ಷದಿಂದ ಪೈಪು ಹಿಡಿದ ಮನುಷ್ಯ. ಸೋಲುವವರಿಗೆ ಮೊದಲೇ ಹೇಳುವುದು ಮರ್ಯಾದೆ.

"ಬಾಷಾ ಭಾಯ್, ಮೇಲಿರೋ ಕೊಳೆ ನೀವು ತೆಗೀತೀರ. ಪೇಂಟ್ ಒಳಗಿರೋ ಕೊಳೆ ನಾನು ತೆಗೀತೀನಿ."

"ಪೇಂಟ್ ಒಳಗೆ ತಗಡಿರ್ತದಲ್ಲ ಬೇಟಾ?"

"ನಿಮಗೆ ಅರ್ಥ ಆಗಲ್ಲ ಬಿಡಿ."

"ಅಚ್ಛಾ. ಅದಕ್ಕೆ ಸಾಮಾನು ಬೆಂಗ್ಳೂರಿಂದ ತರಿಸ್ಬೇಕಲ್ಲ?"

"ಬೆಂಗ್ಳೂರ್ ಯಾಕೆ? ಮಾಲೂರಿದೆ."

ನನ್ನ ತರ್ಕ ಹೀಗಿತ್ತು. ವಿಡಿಯೋದಲ್ಲಿ ಕಾರು ತೊಳೆದ ಮೇಲೆ ಒಬ್ಬ ಬೂದುಬಣ್ಣದ ಮೆತ್ತನೆಯ ಉಂಡೆಯೊಂದನ್ನು ಕೈಯಲ್ಲಿ ನಾದಿ, ಚಪ್ಪಟೆ ಮಾಡಿ, ಒದ್ದೆ ಬಾನೆಟ್ ಮೇಲೆ ಉಜ್ಜುತ್ತಾನೆ. ಉಜ್ಜಿದ ಮೇಲೆ ಅದರಲ್ಲಿ ಮುಖ ನೋಡಿ ತಲೆ ಬಾಚಬಹುದು. ಆ ಉಂಡೆ ಯಾವುದೆಂದು ಅವನು ಬಾಯ್ತುಂಬ ಹೇಳುತ್ತಿದ್ದ, ನನಗೆ ಕೇಳಿದ್ದು ಕೆಮಿಸ್ಟ್ರಿ ಮೇಡಂ ಧ್ವನಿ. ಆದರೆ ಮಾಲೂರಿನಲ್ಲಿ ದೊಡ್ಡಮ್ಮನ ಇಟ್ಟಿಗೆ ಗೂಡಿದೆ. ಹುಟ್ಟಿದಾಗಿನಿಂದ ಬೇಸಿಗೆ ರಜೆಯಲ್ಲಿ ಹದ ಮಾಡಿದ ಜೇಡಿಮಣ್ಣಿನಲ್ಲೇ ಹೊರಳಾಡಿದವನಿಗೆ ಉಂಡೆ ನೋಡಿದರೆ ಗೊತ್ತಾಗುವುದಿಲ್ಲವೇ? ಅರ್ಧ ಬೆಂಗಳೂರನ್ನು ಕಟ್ಟಿದ ಮಣ್ಣು ನಮ್ಮದು. ಒಂದು ಕಾರು ಯಾವ ಲೆಕ್ಕ?

ಎರಡು ಬಸ್ ಬದಲಿಸಿ ಮಾಲೂರಿಗೆ ಹೋದೆ. ಊಟದ ಡಬ್ಬಿಗೆ ಮಣ್ಣು ತುಂಬುತ್ತಿದ್ದುದನ್ನು ದೊಡ್ಡಮ್ಮ ನೋಡಿದರು.

"ಯಾತಕ್ಕಪ್ಪ?"

"ಕಾರಿಗೆ ದೊಡ್ಡಮ್ಮ."

"ಗ್ಯಾರೇಜ್ ಕಟ್ತೀರಾ? ಇಷ್ಟ್ರಲ್ಲಿ ಅರ್ಧ ಇಟ್ಟಿಗೆನೂ ಆಗಾಕಿಲ್ಲ ಕಣೋ."

ಮರುದಿನ ಶಾಸ್ತ್ರೋಕ್ತವಾಗಿ ಕಾರ್ಯಾರಂಭ. ನಾದಿದೆ, ಚಪ್ಪಟೆ ಮಾಡಿದೆ, ಬಾನೆಟ್ಟಿಗೆ ನೀರು ಹಾಕಿ ಉಜ್ಜಿದೆ. ಕರ್ರ್, ಕರ್ರ್ ಎಂದಿತು. ವರ್ಷಗಳ ಕೊಳೆ ಕಿತ್ತು ಬರುತ್ತಿರುವ ಸದ್ದು ಎಂದು ರೋಮಾಂಚನವಾಯಿತು. ಬಾನೆಟ್ ಮುಗಿಸಿ ಮುಂದಿನ ಎರಡು ಬಾಗಿಲೂ ಉಜ್ಜಿದೆ.

ಒಳಗಿಂದ ಅಮ್ಮ, "ಅದೇನೋ ಅದು, ರಾಗಿ ಬೀಸ್ದಂಗೆ ಸದ್ದು?"

"ಡೀಟೇಲಿಂಗ್ ಅಮ್ಮ."

ನೀರು ಸುರಿದೆ. ಕಾರು ಫಳಫಳ ಹೊಳೆಯಿತು. ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಒದ್ದೆ ಕಾರಿನಷ್ಟು ಸುಳ್ಳು ಹೇಳುವ ವಸ್ತು ಇನ್ನೊಂದಿಲ್ಲ. ಹತ್ತು ನಿಮಿಷದಲ್ಲಿ ಬಿಸಿಲು ನಿಜ ಹೇಳಿತು. ಬಾನೆಟ್ ತುಂಬ ಉಂಗುರ ಉಂಗುರವಾಗಿ ಬಿಳಿ ಗೀರು, ಅಂಗನವಾಡಿ ಮಗು ಹೊಸ ಸ್ಲೇಟಿನ ಮೇಲೆ ಸೊನ್ನೆ ತಿದ್ದಿದ ಹಾಗೆ. ಸೊನೆಯ ಕಲೆಗಳು ಮಾತ್ರ ಇದ್ದಲ್ಲೇ ಇದ್ದವು, ಸೊನ್ನೆಗಳ ನಡುವೆ ಆರಾಮವಾಗಿ.

ಆದರೆ ಪರಿಣತರು ಎದೆಗುಂದುವುದಿಲ್ಲ. ಚಳಿಗಾಲದಲ್ಲಿ ಒಣಗಿದ ಮೊಣಕಾಲಿನ ಬಿಳಿ ಗೀರಿಗೆ ಅಮ್ಮ ಏನು ಹಚ್ಚುತ್ತಾಳೆ? ಕೊಬ್ಬರಿ ಎಣ್ಣೆ. ಮದುವೆಗೆಂದು ತಂದಿಟ್ಟ ದೊಡ್ಡ ಬಾಟಲಿ ಎತ್ತಿಕೊಂಡು ಬಂದೆ. ಹಚ್ಚಿದಲ್ಲೆಲ್ಲ ಗೀರು ಮಾಯ. ಬಾನೆಟ್ಟು, ಬಾಗಿಲು, ಡಿಕ್ಕಿ, ಟಾಪು, ಉಳಿದದ್ದನ್ನು ಸೀಟಿನ ಪ್ಲಾಸ್ಟಿಕ್ಕಿಗೂ ಬಳಿದೆ. ಕಾರು ಕುಸ್ತಿಗೆ ಇಳಿಯುವ ಪೈಲ್ವಾನನಂತೆ ನಿಂತಿತು.

ಸಂಜೆ ಬಂದ ಮಾವನ ಕಣ್ಣು ತುಂಬಿತು. "ಶೋರೂಮಿಂದ ಈಗ ತಂದಂಗದೆ ಕಣ್ಲಾ. ಮುಂದಿನ ಸೀಟು ನಿಂದೇ."

"ಮುಟ್ಬೇಡಿ ಮಾವ. ನಾಳೆ ಸಂಜೆವರೆಗೂ ಸೆಟ್ ಆಗ್ಬೇಕು."

ಮಾರನೆಯ ಸಂಜೆ ಮುಳಬಾಗಿಲಿನಿಂದ ಗಂಡಿನ ಕಡೆಯವರು ಬಂದು ದೇವಸ್ಥಾನದಲ್ಲಿ ಇಳಿದರು. ಇತ್ತ ಹೂವಿನವನು ಕಾರಿಗೆ ಅಲಂಕಾರ ಶುರು ಮಾಡಿದ. ಸೇವಂತಿಗೆ ಹಾರ ಇಟ್ಟು ಟೇಪು ಅಂಟಿಸಿದ. ಹಾರ ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಜಾರಿ, ಬಂಪರ್ ದಾಟಿ ನೆಲಕ್ಕೆ ಬಿತ್ತು. ಮತ್ತೆ ಅಂಟಿಸಿದ. ಮತ್ತೆ ಜಾರಿತು. ಮೂರನೇ ಸಲ ಟೇಪು ಅವನ ಕೈಗೇ ಅಂಟಿತು.

"ಏನ್ ಸಾರ್ ಇದು, ಕಾರಾ, ಬೋಂಡಾನಾ?"

ಮಾವ ಬಾನೆಟ್ ಮೇಲೆ ಒಂದು ಬೆರಳು ಎಳೆದರು. ಮೂಸಿದರು. ನನ್ನ ಹತ್ತಿರ ಬಂದು ನನ್ನ ತಲೆ ಮೂಸಿದರು. ಎರಡೂ ಒಂದೇ ವಾಸನೆ. ಹೆಗಲ ಟವೆಲಿನಿಂದ ಒರೆಸತೊಡಗಿದರು. ಒರೆಸಿದಂತೆಲ್ಲ ಗೀರುಗಳು ಮದುವೆಗೆ ಬಂದ ನೆಂಟರಂತೆ ಒಂದೊಂದಾಗಿ ಬಂದು ಕೂತವು.

"ಏಮಿರಾ ಇದಿ?"

ಮಾವ 'ಏನ್ಲಾ ಇದು' ಎಂದು ಕನ್ನಡದಲ್ಲೇ ರೇಗುತ್ತಾರೆ. ತೆಲುಗಿಗೆ ಬಂದರೆಂದರೆ ಅದು ರೇಗಾಟದ ಆಚೆಯ ಹಂತ. ನಾನು ಮಾಲೂರಿನ ಕಥೆ ಹೇಳಿದೆ. ಪೂರ್ತಿ ಹೇಳಿದೆ, ಡಬ್ಬಿ ಸಮೇತ. ವಿಡಿಯೋದವನು ನಾದಿದ್ದು ಮಣ್ಣಲ್ಲ, ಕಾರಿಗೆಂದೇ ಮಾಡಿದ ರಬ್ಬರಿನಂಥ ಉಂಡೆ ಎಂಬುದು ಸೌಂಡ್ ಇಟ್ಟು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು.

"ಯಾರದೋ ದೃಷ್ಟಿ ತಾಕಿರ್ಬೇಕು ಕಣೋ ರವಣ" ಅಂದರು ಅಮ್ಮ.

"ದೃಷ್ಟಿ ಅಲ್ಲಕ್ಕ, ನಿನ್ ಮಗ ತಾಕಿರೋದು."

ಅತ್ತ ದೇವಸ್ಥಾನದಲ್ಲಿ ಗಂಡು ಪೇಟ ಕಟ್ಟಿಕೊಂಡು ಕಾಯುತ್ತಿದ್ದ. ಅಕ್ಕ ಒಳಗೆ ಅಳುವುದಕ್ಕೆ ಶುರು ಮಾಡಿದಳು. ಮಾವ ಫೋನ್ ಮಾಡಿದ್ದು ಬಾಷಾ ಭಾಯಿಗೆ. ಹತ್ತು ನಿಮಿಷದಲ್ಲಿ ಅವರ ಹಳೇ ಬಿಳಿ ವ್ಯಾನು ಬಂತು. ಬರೀ ನೀರು ಕಂಡ ವ್ಯಾನು. ಹಾರ ಮೊದಲನೇ ಸಲಕ್ಕೇ ಅಂಟಿತು.

ಭಾಯ್ ನನ್ನ ಹೆಗಲ ಮೇಲೆ ಕೈ ಇಟ್ಟರು. "ಮಣ್ಣು ತೆಗಿಯೋಕೆ ಮಣ್ಣೇ ಹಚ್ಚೋ ವಿದ್ಯೆ ನಂಗೆ ಗೊತ್ತಿರ್ಲಿಲ್ಲ ಬೇಟಾ. ನಮ್ದೆಲ್ಲ ಹಳೇ ಕಾಲ."

ಮುಂದಿನ ಸೀಟಿನಲ್ಲಿ ಮಾವ ಕೂತರು. ಮೊಣಕೈಯನ್ನು ಕಿಟಕಿಯ ಮೇಲೆ ಇಟ್ಟುಕೊಂಡೇ ಹೋದರು. ನಾನು ಛತ್ರಕ್ಕೆ ನಡೆದುಕೊಂಡು ಹೋದೆ, ಬಸ್‌ ಸ್ಟ್ಯಾಂಡ್ ತಪ್ಪಿಸಿ, ಹಿಂದಿನ ಗಲ್ಲಿಯಲ್ಲಿ.

ಆದರೆ ಶಾಸ್ತ್ರ ಬಿಡುವ ಹಾಗಿಲ್ಲ, ಅಕ್ಕನಿಗೆ ಇರುವವನು ಒಬ್ಬನೇ ತಮ್ಮ. ಛತ್ರದ ಬಾಗಿಲಲ್ಲಿ ನನ್ನ ಕೈಗೆ ಚೊಂಬು ಕೊಟ್ಟರು. ಭಾವ ತಟ್ಟೆಯಲ್ಲಿ ಕಾಲಿಟ್ಟು ನಿಂತರು. ನಾನು ಬಗ್ಗಿದಾಗ ಮಾವನೂ ನನ್ನ ಕಿವಿಯ ಹತ್ತಿರ ಬಗ್ಗಿದರು.

"ತೊಳಿ. ಅಷ್ಟೇ. ತೊಳ್ದು ಎದ್ದೇಳು."

ಭಾವ ಕಾಲನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. ಮಾವ ವ್ಯಾನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಾರೆ ಎಂದು ಆಗ ಗೊತ್ತಾಯಿತು.

"ಬರೀ ನೀರು ತಾನೇ?" ಎಂದು ಕೇಳಿದರು.

"ಬರೀ ನೀರೇ, ಭಾವ" ಅಂದೆ.