ಓಂಕಾರೇಶನ ಸ್ವಂತ ಪೋರ್ಟು

ಜಗಳ ಶುರುವಾದದ್ದು ಒಂದು ಫೋಲ್ಡರಿನಿಂದ.

ಕಡೂರಿನ ಬಸ್ ಸ್ಟ್ಯಾಂಡ್ ಹಿಂದೆ, ಮಲ್ಲಿಕಾರ್ಜುನಪ್ಪನವರ ಗೊಬ್ಬರದಂಗಡಿಯ ಮಹಡಿಯ ಮೇಲೆ ಗುರುಮೂರ್ತಿಯವರ ಸಾಫ್ಟ್‌ವೇರ್ ಆಫೀಸು. ಯಗಟಿಯ ಕುರಿ ಸಾಕುವವರ ಸಂಘಕ್ಕೆ ಅಲ್ಲಿ ಒಂದು ಪ್ರೋಗ್ರಾಮು ತಯಾರಾಗುತ್ತಿತ್ತು. ಲಸಿಕೆಯ ಭಾಗ ನಯನಳದು. ತೂಕದ ಭಾಗ ಹಳೆಯದಾಯಿತೆಂದು ಅದನ್ನು ಹೊಸದಾಗಿ ಬರೆದವನು ಓಂಕಾರೇಶ. ಇಬ್ಬರೂ ಇಡೀ ಪ್ರೋಗ್ರಾಮಿನ ತಮ್ಮ ತಮ್ಮ ಪ್ರತಿಯನ್ನು ಟೆಸ್ಟು ಮಾಡುತ್ತಿದ್ದದ್ದು ಮೂಲೆಯಲ್ಲಿದ್ದ ಒಂದೇ ಕಂಪ್ಯೂಟರಿನಲ್ಲಿ. ಸಿದ್ಧವಾದ ಪ್ರೋಗ್ರಾಮು ಬಂದು ಬೀಳುತ್ತಿದ್ದದ್ದು ‘ಬಿಲ್ಡ್’ ಎಂಬ ಒಂದೇ ಫೋಲ್ಡರಿಗೆ. ಕೇಳಿದ್ದಕ್ಕೆ ಉತ್ತರ ಕೊಡಲು ಅದು ಕಾದು ಕೂರುತ್ತಿದ್ದದ್ದೂ ಒಂದೇ ಪೋರ್ಟ್ ನಂಬರಿನಲ್ಲಿ, ಅಂದರೆ ಒಂದೇ ಕಿಟಕಿಯಲ್ಲಿ. ಟೆಸ್ಟು ಸರಿಬಂದರೆ ಪರದೆಯಲ್ಲಿ ಹಸಿರು, ತಪ್ಪಿದರೆ ಕೆಂಪು.

ಅವತ್ತು ಬೆಳಿಗ್ಗೆ ಓಂಕಾರೇಶನ ಟೆಸ್ಟು ಹಸಿರು ಹಸಿರಾಗಿ ಸಾಗುತ್ತಿದ್ದದ್ದು ನಡುವೆ ಒಮ್ಮೆಲೇ ಕೆಂಪಾಯಿತು. ಫೋಲ್ಡರ್ ತೆಗೆದು ನೋಡಿದರೆ, ಮದುವೆ ಮುಗಿದ ಛತ್ರದ ಹಾಗೆ ಖಾಲಿ.

“ರೀ ನಯನಾ, ನನ್ ಫೈಲೆಲ್ಲಾ ಎಲ್ಲಿಗ್ ಹೋದ್ವು?”

“ನಂಗೇನ್ರೀ ಗೊತ್ತು? ನಾನು ಸೇವ್ ಒತ್ತಿದ ತಕ್ಷಣ ನನ್ ಟೆಸ್ಟು ತಾನೇ ಓಡುತ್ತೆ. ಮೊದ್ಲು ಫೋಲ್ಡರ್ ಗುಡಿಸ್ಕೊಳುತ್ತೆ.”

“ಅಂದ್ರೆ ನನ್ನನ್ನ ಗುಡಿಸಿ ಹಾಕಿದ್ರಿ!”

ಗುರುಮೂರ್ತಿಯವರು ತಮ್ಮ ಕೋಣೆಯಿಂದ ಇಣುಕಿದರು. “ಮಧ್ಯಾಹ್ನ ಸಂಘದ ಬೀರಪ್ಪನೋರು ಬತ್ತಾರೆ. ಅವರ ಕಣ್ಣೆದುರಿಗೆ ಎಲ್ಲಾ ಹಸಿರಾಗ್ಬೇಕು. ಇಲ್ದಿದ್ರೆ ಈ ಕೆಲಸ ನಮ್ಮ ಕೈ ಬಿಡುತ್ತೆ.”

“ನಂದು ಸರಿಯಾಗೇ ಇದೆ ಸಾರ್. ಇವರಿಂದಾನೇ ಕೆಡ್ತಿರೋದು,” ಎಂದ ಓಂಕಾರೇಶ.

ಗದ್ದಲ ಕೇಳಿ ಮಲ್ಲಿಕಾರ್ಜುನಪ್ಪನವರು ಮೆಟ್ಟಿಲು ಹತ್ತಿ ಬಂದರು. ಬಾಡಿಗೆ ಮನೆಗಳ ನಲ್ಲಿ ನೀರಿನ ಜಗಳವನ್ನೆಲ್ಲ ಬಗೆಹರಿಸಿದ್ದ ಅವರಿಗೆ ಇದೇನೂ ದೊಡ್ಡದಾಗಿ ಕಾಣಲಿಲ್ಲ. “ಸರದಿ ಹಾಕ್ಕೊಳ್ರಪ್ಪಾ. ಹುಡುಗಂದು ಮುಗಿಯೋವರೆಗೂ ನೀನು ಆ ಸೇವೋ ಏನೋ, ಅದನ್ನ ಮುಟ್ಬೇಡ ಕಣಮ್ಮಾ.”

ನಯನ ಹಲ್ಲು ಕಚ್ಚಿಕೊಂಡು ಸೇವ್ ಮಾಡದೆಯೇ ಬರೆಯುತ್ತಾ ಕೂತಳು. ಅಷ್ಟರಲ್ಲಿ ಕರೆಂಟು ಹೋಯಿತು. ಮೂಲೆಯ ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅವಳ ಕಂಪ್ಯೂಟರಿಗಿರಲಿಲ್ಲ. ಬೆಳಗಿನಿಂದ ಬರೆದ ಅರ್ಧ ಕೆಲಸ ಮಾಯ.

“ಎಲ್ಲಾ ಹೋಯ್ತು ಕಣ್ರೀ! ಈಗ ಸಂತೋಷಾನಾ?”

ಮಲ್ಲಿಕಾರ್ಜುನಪ್ಪನವರು ಅಂಗಡಿಗೆ ಯಾರೋ ಗಿರಾಕಿ ಬಂದರೆಂದು ಸದ್ದಿಲ್ಲದೆ ಇಳಿದುಹೋದರು.

ಕರೆಂಟು ಬಂದಮೇಲೆ ನಯನ ಮಾತು ಬಿಟ್ಟಳು. ಸಾಲು ಸಾಲಿಗೂ ಸೇವ್ ಒತ್ತತೊಡಗಿದಳು. ಓಂಕಾರೇಶನ ಟೆಸ್ಟು ಒಮ್ಮೆ ಹಸಿರು, ಒಮ್ಮೆ ಕೆಂಪು, ಮತ್ತೆ ಹಸಿರು. ಊಟಕ್ಕೂ ಏಳದೆ ಕೂತು ಅವನು ಕೊನೆಗೆ ಮಾಡಬೇಕಾದದ್ದನ್ನೇ ಮಾಡಿದ. ತನ್ನ ಟೆಸ್ಟು ಓಡಿದಾಗಲೆಲ್ಲ ಅದಕ್ಕೇ ಒಂದು ಬೇರೆ ಫೋಲ್ಡರು ಹುಟ್ಟಬೇಕು. ಖಾಲಿ ಇರುವ ಪೋರ್ಟ್ ನಂಬರೊಂದನ್ನು ಕಂಪ್ಯೂಟರೇ ಹುಡುಕಿಕೊಡಬೇಕು. ಇನ್ನು ನಯನ ಎಷ್ಟು ಗುಡಿಸಿದರೂ ಅವನಿಗೆ ಧೂಳು ತಾಗುವಂತಿರಲಿಲ್ಲ.

“ಇನ್ಮೇಲೆ ನಿಮ್ಗೂ ನಂಗೂ ಸಂಬಂಧ ಇಲ್ಲ,” ಎಂದು ಎದೆಯುಬ್ಬಿಸಿ ಹೇಳಿದ.

“ದೊಡ್ಡ ಉಪಕಾರ,” ಎಂದಳು ಅವಳು.

ಅದನ್ನೊಮ್ಮೆ ಓಡಿಸಿ ನೋಡುವ ಮೊದಲೇ ಬೀರಪ್ಪನವರು ಯಗಟಿ ಬಸ್ಸಿಳಿದು ಬಂದು, ಟವೆಲ್ಲು ಕೊಡವಿಕೊಂಡು ಕುರ್ಚಿ ಎಳೆದು ಕೂತರು. ಓಂಕಾರೇಶ ಠೀವಿಯಿಂದ ಗುಂಡಿ ಒತ್ತಿದ.

ಕೆಂಪು. ಮತ್ತೊಂದು ಕೆಂಪು. ಮೇಲಿಂದ ಕೆಳಗಿನವರೆಗೆ, ಒಣಗಲು ಹರಡಿದ ಮೆಣಸಿನಕಾಯಿಯಂತೆ ಬರೀ ಕೆಂಪು.

“ಸೇವ್ ಒತ್ತಿದ್ರಾ?” ಎಂದು ಚೀರಿದ.

ನಯನ ಎರಡೂ ಕೈ ಮೇಲೆತ್ತಿ ತೋರಿಸಿದಳು.

ಬೀರಪ್ಪನವರು ಪರದೆಯತ್ತ ಬಗ್ಗಿದರು. “ಏನಪ್ಪಾ, ಒಂದು ಕುರಿಮರಿ ಹನ್ನೆರಡು ಸಾವಿರ ಕೆ.ಜಿ. ಅಂತದೆ? ಲಾರಿ ಸಮೇತ ತೂಗಿದ್ರಾ?”

ಓಂಕಾರೇಶ ಗ್ರಾಮನ್ನು ಕೆ.ಜಿ. ಮಾಡುವುದನ್ನೇ ಮರೆತಿದ್ದ.

“ಹಂಗಾದ್ರೆ ಬೆಳಿಗ್ಗೆಯಿಂದ ಹಸಿರು ಬರ್ತಿತ್ತಲ್ಲ ಸಾರ್, ಅದ್ ಹೇಗೆ?” ಎಂದು ತಡವರಿಸಿದ.

ನಯನಳಿಗೆ ಆಗಲೇ ಹೊಳೆದಿತ್ತು. “ನಾನು ಬೆಳಿಗ್ಗೆ ಬಂದ ಕೂಡ್ಲೇ ನನ್ ಪ್ರೋಗ್ರಾಮು ಶುರು ಮಾಡ್ತೀನಿ. ಆ ಪೋರ್ಟಲ್ಲಿ ನಂದೇ ಕೂತಿರೋದು. ನಿಮ್ದಕ್ಕೆ ಅಲ್ಲಿ ಜಾಗಾನೇ ಸಿಕ್ಕಿರ್ಲಿಲ್ಲ. ನಿಮ್ ಟೆಸ್ಟು ಇಷ್ಟು ದಿನ ಕೇಳಿದ್ದು ನನ್ ಪ್ರೋಗ್ರಾಮನ್ನ ಕಣ್ರೀ. ಅದ್ರಲ್ಲಿರೋದು ಇನ್ನೂ ಹಳೇ ತೂಕದ ಭಾಗ. ಅದು ಸರಿಯಾಗೇ ಹೇಳ್ತಿತ್ತು.”

ಕೆಂಪು ಬಂದದ್ದು ಅವಳಿಂದ ಎಂದು ಅವನು ಊರಿಗೆಲ್ಲ ಸಾರಿದ್ದ. ಹಸಿರು ಬಂದದ್ದೂ ಅವಳಿಂದಲೇ.

“ಆ ಹಳೇದೇ ಹಾಕ್ಕೊಡಿ ಸ್ವಾಮಿ,” ಎಂದರು ಬೀರಪ್ಪ. “ನಮ್ ಕುರಿ ನಮ್ ಕುರಿಯಷ್ಟೇ ತೂಗ್ಲಿ.”

ಕೆಲಸ ಕೈ ಬಿಡಲಿಲ್ಲವೆಂದು ಗುರುಮೂರ್ತಿಯವರಿಗೆ ಜೀವ ಬಂದಂತಾಯಿತು. ಅವರು ಓಂಕಾರೇಶನ ಬೆನ್ನು ತಟ್ಟಿದರು.

“ಬೇರೆ ಫೋಲ್ಡರು, ಬೇರೆ ಪೋರ್ಟು ಮಾಡಿದ್ದು ಮಾತ್ರ ಬಹಳ ಒಳ್ಳೇ ಕೆಲಸ ಕಣಪ್ಪಾ. ಅದೊಂದು ಮಾಡ್ದೇ ಇದ್ದಿದ್ರೆ ನೀನು ತಪ್ಪು ಮಾಡಿದೀಯಾ ಅಂತ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ!”