ಜಯಕರನ ಪುಳಿಮುಂಚಿ ದಿಗ್ವಿಜಯ

ಎಲೈ ಗೃಹಸ್ಥಶಿರೋಮಣಿಗಳಿರಾ, ಒಗ್ಗರಣೆಯ ಹೊಗೆಗೆ ಕಣ್ಣೊರೆಸಿಕೊಂಡು ಇತ್ತ ಕಿವಿಗೊಡಿರಿ. ಮೃತ್ಪಾತ್ರನಿವಾಸಿನಿಯೂ ತಿಂತ್ರಿಣೀರಸಪ್ರಿಯೆಯೂ ಆದ ಪಾಕದೇವಿಯು ಈ ನಾಲಗೆಗೆ ಬಲವನ್ನೀಯಲಿ. ಗಂಡಹೆಂಡಿರಿಬ್ಬರೂ ದುಡಿಯಹೋಗಿ, ಅಡುಗೆಮನೆಯ ಸಿಂಹಾಸನವು ಬರಿದಾಗಿ, ಹೋಟೆಲಿನ ಪಾರ್ಸೆಲ್ಲುಗಳೇ ರಾಜ್ಯವಾಳುತ್ತಿದ್ದ ಯುಗದಲ್ಲಿ, ಮಂಗಳೂರಿನ ಬಗಲ ಕೂಳೂರಿನ ಮೂರನೆಯ ಮಹಡಿಯೆಂಬ ದುರ್ಗದಲ್ಲಿ, ಹಗಲೆಲ್ಲ ವಿಮಾ ಕಚೇರಿಯ ಕಡತಸೈನ್ಯವನ್ನು ಸದೆಬಡಿದು ಬರುತ್ತಿದ್ದ ಜಯಕರ ಸಾಲ್ಯಾನನೆಂಬ ಗುಮಾಸ್ತಕುಲತಿಲಕನಿದ್ದನು.

ಅವನ ಅತ್ತೆ ಗುಲಾಬಿಯಮ್ಮ ಪಡುಬಿದ್ರಿಯ ಕಡಲಂಚಿನವರು. ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕಧಾರಿಣಿಯಾಗಿ ಮಗಳ ಮನೆಯಲ್ಲಿ ಆರೈಕೆಗಿದ್ದರು. ಹೊತ್ತುಹೊತ್ತಿಗೆ ಮದ್ದು ಬಿಡಬೇಕು, ಧೂಳು ಸೋಕಬಾರದು. ಆದರೆ ದುಡಿಯುವವರ ಮನೆಯಲ್ಲಿ ತಾನೊಂದು ಭಾರವೆಂದು ಆ ಮಾನಧನೆಗೆ ಅನ್ನಿಸಿಬಿಟ್ಟಿತ್ತು. ಪಾರ್ಸೆಲಿನ ಊಟವನ್ನು ಎರಡು ತುತ್ತಿಗೇ ಬಿಟ್ಟು ಏಳುತ್ತಿದ್ದರು.

ಆ ಸಂಜೆ ಆಸ್ಪತ್ರೆಯ ಪಾಳಿಯಲ್ಲಿದ್ದ ನರ್ಸ್ ಸುಕನ್ಯಾ ಗಂಡನಿಗೆ ಫೋನು ಮಾಡಿದಳು. “ಅಮ್ಮ ನಾಳೆ ಬೆಳಿಗ್ಗೆ ಬಸ್ಸಿಗೆ ಊರಿಗೆ ಹೋಗ್ತಾರಂತೆ. ಈ ಕಣ್ಣಲ್ಲಿ ಹೇಗೆ ಕಳಿಸುದು? ಅವರ ಬಾಯಿಗೆ ಹಿಡಿಸುವ ಹಾಗೆ ಎಂತಾದ್ರೂ ಮಾಡಿ ಹಾಕಿ. ಎಣ್ಣೆ, ಕಾಯಿ ಕಮ್ಮಿ ಇರ್ಲಿ, ಡಾಕ್ಟ್ರು ಹೇಳಿದ್ದಾರೆ.”

ಬಸ್ಸಿನ ಕಂಬಿಗೆ ಜೋತುಬಿದ್ದಿದ್ದ ಜಯಕರನ ಎದೆಯೊಳಗೆ ರಣಭೇರಿ ಮೊಳಗಿತು: ‘ಎಲೌ ಸುಕನ್ಯೇ, ಚಿಂತೆಯನ್ನು ಬಿಡು! ತೆಂಗಿನ ನೆರವಿಲ್ಲದೆ, ತೈಲದ ಹಂಗಿಲ್ಲದೆ, ಕ್ಷಣಾರ್ಧದಲ್ಲಿ ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಸಾಧಿಸಿ, ನಿನ್ನ ಮಾತೆಯ ಪಯಣವನ್ನು ತಡೆಯದಿದ್ದರೆ ನಾನು ಸಾಲ್ಯಾನನೇ ಅಲ್ಲ!’ ಬಾಯಿಂದ ಹೊರಬಿದ್ದದ್ದು ಇಷ್ಟು: “ಆಯ್ತು ಮಾರಾಯ್ತಿ, ನೋಡುವ.”

ಮಾರುಕಟ್ಟೆಯಲ್ಲೇ ಶುಚಿ ಮಾಡಿಸಿ ತಂದ ಬೂತಾಯಿಗಳು ರಜತಕವಚ ಕಳಚಿದ ಯೋಧರಾಗಿ ತಟ್ಟೆಯಲ್ಲಿ ಪವಡಿಸಿದವು. ಒಂದು ಒಲೆಯಲ್ಲಿ ಕುಚ್ಚಲಕ್ಕಿ ಗಂಜಿಗಿಟ್ಟು, ಲುಂಗಿಯನ್ನು ಮಡಚಿ ಕಟ್ಟಿದ ವೀರನು ಮೆಣಸು, ಕೊತ್ತಂಬರಿ, ಶುಂಠಿ, ಹುಣಸೆಗಳೆಂಬ ಚತುರಂಗಬಲವನ್ನು ಮಿಕ್ಸಿಯೊಳಗೆ ನುರಿಸತೊಡಗಿದನು. ಅವಸರದಲ್ಲಿ ಮುಚ್ಚಳ ಸರಿಯಾಗಿ ಕೂರಿರಲಿಲ್ಲ. ರಕ್ತವರ್ಣದ ಬಾಣವೊಂದು ಹಾರಿ ನೇರವಾಗಿ ಅವನ ಕಣ್ಣನ್ನೇ ಹೊಕ್ಕಿತು. ಆ ದುರ್ಗದಲ್ಲೀಗ ಸರಿಯಾಗಿ ಕಣ್ಣು ಕಾಣುವವರು ಯಾರೂ ಉಳಿಯಲಿಲ್ಲ.

“ಎಂತಾಯ್ತು?” ಪಡಸಾಲೆಯಿಂದ ಗುಲಾಬಿಯಮ್ಮ ಕೇಳಿದರು.

“ಎಂತ ಇಲ್ಲ ಅತ್ತೆ,” ಎಂದನು ಅಶ್ರುಧಾರಾಭಿಷಿಕ್ತನಾದ ವೀರ. ತಾನು ಒದ್ದಾಡುವುದು ಗೊತ್ತಾದರೆ ಅವರು ಇನ್ನಷ್ಟು ನೊಂದು, ಬೆಳಗಿನ ಬಸ್ಸಿಗೆ ಮೊದಲೇ ಹೊರಟಾರೆಂದು ಅವನಿಗೆ ನಿಜಕ್ಕೂ ಭಯವಾಗಿತ್ತು. ಹೋದರೆ ಆ ಕಣ್ಣಿಗೆ ಏನಾಗುವುದೋ. ಅವನು ಕೊಳಾಯಿಯ ಕೆಳಗೆ ಸದ್ದಿಲ್ಲದೆ ಮುಖವೊಡ್ಡಿದನು.

ಮಣ್ಣಿನ ಪಾತ್ರೆಯಲ್ಲಿ ಅರುಣಸಾಗರವು ಉಕ್ಕಿತು, ಮತ್ಸ್ಯಗಣವು ಅದರೊಳಗೆ ಧುಮುಕಿತು. ಆಗ ಯುದ್ಧೋನ್ಮಾದದಲ್ಲಿ ಜಯಕರನು ಸೌಟೆಂಬ ಗದೆಯನ್ನೆತ್ತಿದನು. ಗೋಡೆಯ ಮೊಳೆಯಿಂದ ಸೌಟು ಕಳಚಿದ ಸಪ್ಪಳವಷ್ಟೇ ಸಾಕಾಯಿತು, ಅತ್ತ ಕುಳಿತವರ ಕಿವಿ ನಿಮಿರಿತು.

“ಸೌಟು ಹಾಕ್ಬೇಡಿ ಆಯ್ತಾ. ಮೀನು ಹುಡಿಯಾಗ್ತದೆ. ಪಾತ್ರೆಯನ್ನೇ ಹಿಡಿದು ತಿರುಗಿಸಿ.”

ಗದೆಯನ್ನು ತ್ಯಜಿಸಿದ ಧೀರನು ಬೈರಾಸು ಸುತ್ತಿದ ಕೈಗಳಿಂದ ಕುದಿವ ಕುಂಭವನ್ನೆತ್ತಿ, ಮಂದರಗಿರಿಯನ್ನು ತಿರುಗಿಸಿದ ಸುರಾಸುರರೇ ನಾಚುವಂತೆ, ಎಡಕ್ಕೂ ಬಲಕ್ಕೂ ಮೆಲ್ಲನೆ ತೂಗಿದನು. ಬೆರಳು ಸುಟ್ಟಿತು, ತುಟಿ ಕಚ್ಚಿದನು. ಒಂದು ಬೂತಾಯಿಯ ಬಾಲವೂ ಮುರಿಯಲಿಲ್ಲ. ಪರಿಮಳವು ಮೆಟ್ಟಿಲಿಳಿದು ಕೆಳಮನೆಯವರ ಬಾಯಲ್ಲಿ ನೀರೂರಿಸಿತು.

ರಾತ್ರಿಯೂಟದ ಹೊತ್ತಿಗೆ ಅವನು ಬಟ್ಟಲಿಟ್ಟು ಕೈಕಟ್ಟಿ ನಿಂತನು. ಗುಲಾಬಿಯಮ್ಮ ಬೆರಳದ್ದಿ ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು.

“ಲಾಯ್ಕಾಗಿದೆ,” ಎಂದು ಅವರು ಬಟ್ಟಲನ್ನು ಆಚೆ ಸರಿಸಿದರು. “ಆದ್ರೆ ಇದು ಇವತ್ತು ಉಣ್ಣುದಲ್ಲ ಮಾರಾಯ್ರೆ. ಮೀನು ಹುಳಿ ಹಿಡಿಬೇಕಲ್ವಾ? ಪುಳಿಮುಂಚಿ ಒಂದು ರಾತ್ರಿ ಕೂರ್ಬೇಕು. ಮುಚ್ಚಿಡಿ, ನಾಳೆ ಮಧ್ಯಾಹ್ನ ಉಣ್ಣುವ.”

“ನಾಳೆ ಬೆಳಿಗ್ಗೆ ನಿಮ್ಗೆ ಬಸ್ಸು…”

“ಬಸ್ಸು ಎಲ್ಲಿಗೆ ಹೋಗ್ತದೆ? ಅದು ನಾಡಿದ್ದೂ ಉಂಟು. ಮದ್ದು ತನ್ನಿ, ಕಣ್ಣಿಗೆ ಬಿಡುವ ಹೊತ್ತಾಯ್ತು. ಮತ್ತೆ ಗಂಜಿ ಬಡಿಸಿ.”

ಹೀಗೆ ಅತ್ತೆಯ ಪಯಣವನ್ನು ತಡೆದ, ಕಡತಸೈನ್ಯಮರ್ದನನೂ ಕುದಿಗುಂಭೋದ್ಧಾರಕನೂ ಆದ ಜಯಕರ ಸಾಲ್ಯಾನನು, ತನ್ನ ಪುಳಿಮುಂಚಿಯ ಒಂದು ತೊಟ್ಟನ್ನೂ ಮುಟ್ಟದೆ, ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಉಂಡು, ಮಿಕ್ಸಿ ತೊಳೆಯಲು ಎದ್ದನು.