ನಮ್ಮ ಅತ್ತೆ ನೋಡಿದ ಗ್ರಹಣ

ವಿಜಯವಾಡದ ಪಟಮಟದಲ್ಲಿರುವ ನಮ್ಮ ಸೋದರತ್ತೆಗೆ ಒಂದು ಮಾತು ಹೇಳಿಯೇ ರಾಹು ಸೂರ್ಯನ ತಂಟೆಗೆ ಹೋಗುತ್ತಾನೆ ಎಂದು ನನಗೆ ಬಹಳ ವರ್ಷ ಗುಮಾನಿಯಿತ್ತು. ಯುಗಾದಿಗೆ ಹೊಸ ಪಂಚಾಂಗ ಬಂದರೆ ಉಳಿದವರು ರಾಶಿಫಲ ನೋಡುತ್ತಾರೆ. ಅತ್ತೆ ನೇರವಾಗಿ ಗ್ರಹಣದ ಪುಟ ತೆಗೆದು, ಅರಿಶಿನದ ಬೆರಳೊತ್ತಿ, "ಈ ವರ್ಷ ನಮ್ಮ ಕಡೆ ಕಾಣೂದಿಲ್ಲಂತ, ಹಾಳಾದ್ದು" ಎಂದು ಪಂಚಾಂಗ ಬರೆದವರನ್ನೇ ಬೈಯುತ್ತಾರೆ. ಇಷ್ಟು ಹುಚ್ಚಿದ್ದ ಅತ್ತೆ ಅರವತ್ತು ದಾಟುವವರೆಗೆ ನೋಡಿದ್ದ ಗ್ರಹಣಗಳೆಷ್ಟು ಗೊತ್ತೇ? ಸೊನ್ನೆ!

ಇದು ಅತ್ತೆಯ ಲೆಕ್ಕ. ಬಂಧುಗಳ ಲೆಕ್ಕದಲ್ಲಿ ಒಂದು. ಎಂಬತ್ತರ ಇಸವಿಯಲ್ಲಿ ರಾಯಚೂರಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತಲ್ಲ, ಆಗ ಅತ್ತೆ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದರು. ಬಾಗಿಲ ಸಂದಿಯಿಂದ ಕದ್ದು ನೋಡಿದರಂತೆ, ಅದಕ್ಕೇ ಮಗು ಉಳಿಯಲಿಲ್ಲವಂತೆ. ಮದುವೆಮನೆಗಳಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೆಂಗಸರು ಪಿಸುಗುಟ್ಟುತ್ತಿದ್ದ ಮಾತಿದು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಚಿಕ್ಕಂದಿನಲ್ಲಿ ಇದನ್ನು ಕೇಳಿಸಿಕೊಂಡಿದ್ದ ನಾನು ಅತ್ತೆಯನ್ನು ಎಂದೂ ಕೇಳಿರಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು?

ಮಾವನವರದು ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಷೆಡ್ಡು. ಅಲ್ಲಿನ ವೆಲ್ಡಿಂಗಿನವನ ಮುಖವಾಡದಿಂದ ಅತ್ಯಂತ ಕಪ್ಪಾದ ಗಾಜೊಂದನ್ನು ಅತ್ತೆ ಕಳಚಿಸಿಕೊಂಡು ಬಂದಿದ್ದರು. ಅದು ಉಪ್ಪಿನಕಾಯಿ ಭರಣಿಗಳ ಹಿಂದೆ, ಹಳೆಯ ಕನ್ನಡಕದ ಡಬ್ಬಿಯಲ್ಲಿ ಭದ್ರವಾಗಿರುತ್ತಿತ್ತು. "ಏವಂಡಿ, ನನ್ನ ಗಾಜು ಯಾರರ ಮುಟ್ಟೀರೇನು?" ಎಂದು ಅವರು ಅರ್ಧ ತೆಲುಗಿನಲ್ಲಿ ಗದರಿದರೆ ಮಾವ ಪೇಪರಿನಿಂದ ತಲೆಯೆತ್ತದೆ, "ನಿನ್ನ ಗಾಜು ಮುಟ್ಟಿ ಯಾವ ಸೂರ್ಯನ್ನ ನೋಡ್ಲಿ? ನೀನೇ ಉರೀಲಿಕ್ಕತ್ತೀಯಲ್ಲ!" ಎನ್ನುತ್ತಿದ್ದರು.

ಅತ್ತೆಯವರ ಅತ್ತೆ ಬದುಕಿರುವ ತನಕ ಗ್ರಹಣದ ದಿನ ಹೊಸಿಲು ದಾಟುವಂತಿರಲಿಲ್ಲ. ಅವರು ತೀರಿಕೊಂಡ ಮೇಲೆ ಒಮ್ಮೆ ಜ್ವರ, ಒಮ್ಮೆ ಮೋಡ. ಕೊನೆಗೆ 2016ರ ಮಾರ್ಚಿನಲ್ಲಿ, ನಾನು ವಿಶಾಖಪಟ್ಟಣದ ಬ್ಯಾಂಕಿನಲ್ಲಿದ್ದಾಗ, ಫೋನು ಬಂತು. "ನಿಮ್ಮ ಊರಾಗ ಸೂರ್ಯ ಹುಟ್ಟೂವಾಗನ ತುಸು ಗ್ರಹಣ ಇರ್ತದ. ಸಮುದ್ರದ ದಂಡಿಗಿ ಕರಕೊಂಡು ಹೋಗು." ಹಿಂದಿನ ದಿನವೇ ರೈಲಿಳಿದರು. ಒಂದು ಕೈಯಲ್ಲಿ ಗಾಜು, ಇನ್ನೊಂದರಲ್ಲಿ ಪುಳಿಯೋಗರೆಯ ಡಬ್ಬಿ!

ಗ್ರಹಣ ನೋಡಲು ಅರ್ಧ ದಿನ ರಜೆ ಬೇಕೆಂದು ಮ್ಯಾನೇಜರರಿಗೆ ಹೇಗೆ ಹೇಳುವುದು? ಅತ್ತೆಯನ್ನು ಬೆಳಿಗ್ಗೆ ಸಿಂಹಾಚಲಂ ದರ್ಶನಕ್ಕೆ ಕರೆದೊಯ್ಯಬೇಕು ಸಾರ್ ಎಂದುಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಗ್ರಹಣದ ಹೊತ್ತಿಗೆ ಗುಡಿ ಬಾಗಿಲು ಹಾಕಿರ್ತಾರೆ ಕಣ್ರೀ. ಹೊರಗಿಂದಲೇ ದರ್ಶನವಾ?" ಎಂದರು. ರಜೆಯನ್ನೇನೋ ಕೊಟ್ಟರು. ಆಫೀಸಿನಲ್ಲಿ ನನ್ನ ಭಕ್ತಿಯ ಬಗ್ಗೆ ಮಾತ್ರ ಆಮೇಲೆ ಯಾರಿಗೂ ನಂಬಿಕೆ ಉಳಿಯಲಿಲ್ಲ.

ಮರುದಿನ ನಸುಕಿನಲ್ಲಿ ಸಮುದ್ರದ ದಂಡೆಯ ಮೇಲೆ ವಾಕಿಂಗಿನವರು ಅತ್ತೆಯ ಸುತ್ತ ನೆರೆದರು. ಅತ್ತೆ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಗಾಜಿನಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಸರದಿ ಹಚ್ಚಿದರು. ಸರದಿಯೆಲ್ಲ ಸರಿ, ಸೂರ್ಯನೇ ಇಲ್ಲ! ಕಡಲಿನ ಮೇಲೆ ಮೋಡ ಕಂಬಳಿಯಂತೆ ಹೊದ್ದುಕೊಂಡಿತ್ತು. ಜನ ಒಬ್ಬೊಬ್ಬರಾಗಿ ಕರಗಿದರು. ಗ್ರಹಣದಲ್ಲಿ ಉಣ್ಣಬಾರದೆಂಬ ಲೋಕದ ನಡುವೆ ನಾವಿಬ್ಬರು ಮರಳಿನ ಮೇಲೆ ಕುಳಿತು ಪುಳಿಯೋಗರೆ ತಿಂದು ಮುಗಿಸಿದೆವು. ಏಳರ ಮೇಲೆ, ಗ್ರಹಣವೆಲ್ಲ ಬಿಟ್ಟ ಮೇಲೆ, ತೊಳೆದಿಟ್ಟ ತಾಟಿನಂತೆ ಸೂರ್ಯ ಹೊರಬಂದ. ಅತ್ತೆ ಎದ್ದು ನಿಂತು, "ಈಗ ಬಂದ್ಯೇನು? ನಾಚಿಕಿ ಅದ ಏನು ನಿನಗ!" ಎಂದು ಬೈದ ಬೈಗುಳಕ್ಕೆ ಮೀನುಗಾರನೊಬ್ಬ ತನಗೇ ಎಂದುಕೊಂಡು ಬಲೆ ಬಿಟ್ಟು ತಿರುಗಿ ನೋಡಿದ.

ಮರುವರ್ಷ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅತ್ತೆಯ ಮನೆಯಿಂದ ಎರಡು ಗಲ್ಲಿ ಆಚೆ ಬಾಡಿಗೆಗೆ ಮನೆ ಹಿಡಿದೆ. 2019ರ ಡಿಸೆಂಬರಿನ ಗ್ರಹಣ ಹತ್ತಿರ ಬಂದಾಗ ನನ್ನ ಹೆಂಡತಿಗೆ ಏಳು ತಿಂಗಳು. ಅದಕ್ಕೆ ಮೊದಲು ಎರಡು ಸಲ ಗರ್ಭ ನಿಂತಿರಲಿಲ್ಲ. ಹೀಗಾಗಿ ಅವಳಿಗೆ ಸೀನಿದರೂ ಭಯ, ಕೆಮ್ಮಿದರೂ ಭಯ. ರಾಯಚೂರಿನಿಂದ ಅವ್ವ ದಿನಕ್ಕೆರಡು ಸಲ ಫೋನು ಮಾಡಿ ನಿಯಮ ಒಪ್ಪಿಸುತ್ತಿದ್ದಳು. ಕತ್ತಲೆ ಕೋಣೆ, ಕಿಟಕಿ ಬಂದ್, ಚಾಕು ಮುಟ್ಟಬಾರದು, ಮೈಮೇಲೆ ಬಿಸಿಲು ಬೀಳಬಾರದು. ಕೊನೆಗೆ ದನಿ ತಗ್ಗಿಸಿ, "ನಿಮ್ಮತ್ತಿನ್ನ ಅವತ್ತೊಂದು ದಿನ ಮನಿಯೊಳಗ ಬಿಟ್ಕೋಬ್ಯಾಡಪ್ಪ. ಗಾಜು ಹಿಡಕೊಂಡು ಹುಡುಗಿನ್ನ ಮಾಳಿಗಿಗಿ ಎಳಕೊಂಡು ಹೋಗ್ತಾಳ" ಎಂದಳು.

ಆ ದಿನ ಬೆಳಿಗ್ಗೆ ಏಳೂವರೆಗೆ ಬಾಗಿಲು ಬಡಿದ ಸದ್ದಾಯಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಬಾಗಿಲಲ್ಲಿ ಕನ್ನಡಕದ ಡಬ್ಬಿ ಹಿಡಿದ ಅತ್ತೆ! ನಾನು ಅಡ್ಡ ನಿಂತು, "ಅತ್ತೀ, ಅದು... ಇವತ್ತು..." ಎಂದು ತೊದಲಿದೆ.

"ಸರಿಯೋ ಅತ್ಲಾಗ. ನಾ ನೋಡ್ಲಿಕ್ಕ ಬಂದಿಲ್ಲ, ಅಕಿ ಜೋಡಿ ಕೂಡ್ಲಿಕ್ಕ ಬಂದೀನಿ" ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು. "ನೀ ಮಾಳಿಗಿಗಿ ಹೋಗಿ ನೋಡು."

ಜೀವಮಾನವಿಡೀ ಕಾದವರು ಗಾಜನ್ನು ನನಗೆ ಕೊಟ್ಟು ಕತ್ತಲೆ ಕೋಣೆಗೆ ನಡೆದರೆ ನಾನು ಮಾಳಿಗೆ ಹತ್ತುವುದಾದರೂ ಹೇಗೆ? ನಾನೂ ಒಳಗೆ ಕುಳಿತೆ. ಅತ್ತೆಯೇ ಮುಂದೆ ನಿಂತು ಕಿಟಕಿಯ ಹಲಗೆ ಬಾಗಿಲು ಮುಚ್ಚಿ, ಸಂದಿಗಳಿಗೆ ಸೀರೆ ತುರುಕಿದರು. ಒಂದು ಕಡೆ ಮಾತ್ರ, ಚಿಲಕದ ಸ್ಕ್ರೂ ಬಿದ್ದುಹೋದ ತೂತು ಉಳಿದುಹೋಯಿತು. ಅದರಿಂದ ಬಂದ ಬೆಳಕು ಹಾಸಿಗೆ ದಾಟಿ ಎದುರು ಗೋಡೆಯ ಮೇಲೆ ರೂಪಾಯಿಯಷ್ಟಗಲ ಬಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಚೀರಿದಳು. "ಅತ್ತೀ, ಗೋಡಿ ಮ್ಯಾಲಿಂದು ಯಾರೋ ಕಚ್ಚಿದಂಗ ಆಗೇದ!"

ನಿಜ! ಬೆಳಕಿನ ಬಿಲ್ಲೆಗೆ ಒಂದು ಅಂಚು ಇರಲಿಲ್ಲ. ಹೊರಗೆ ಸೂರ್ಯನಿಗೆ ಆಗುತ್ತಿದ್ದುದೆಲ್ಲ ನಮ್ಮ ಸುಣ್ಣದ ಗೋಡೆಯ ಮೇಲೆ ಆಗುತ್ತಿತ್ತು. ಹೆಂಡತಿ ಮುಖ ಮುಚ್ಚಿಕೊಂಡು ನಡುಗತೊಡಗಿದಳು. "ನಾ ನೋಡಿಬಿಟ್ಟೆ..."

"ನೀ ನೋಡಿದ್ದು ಗೋಡಿ" ಎಂದರು ಅತ್ತೆ. "ಗೋಡಿ ನೋಡಬಾರದು ಅಂತ ಯಾವ ಶಾಸ್ತ್ರದಾಗದ? ಕಣ್ಣು ತಗೀ."

ಅವಳ ಕೈ ಹಿಡಿದುಕೊಂಡು ಅತ್ತೆ ಗೋಡೆಯನ್ನೇ ನೋಡುತ್ತ ಕುಳಿತರು. ಬಿಲ್ಲೆ ಸವೆಸವೆದು ಕುಡುಗೋಲಿನಂತಾಯಿತು. ಆಗ ತಾವಾಗಿಯೇ ಹೇಳಿದರು. "ರಾಯಚೂರಾಗ ಅವತ್ತು ನಾ ಗ್ರಹಣ ಕೇಳೀನಿ, ನೋಡಿಲ್ಲ. ಮಧ್ಯಾಹ್ನದಾಗ ಕಾಗಿ ಎಲ್ಲಾ ಗಿಡಕ್ಕ ಬಂದ್ವು. ನಾಯಿ ಸುಮ್ಮನಾದ್ವು. ಗಾಳಿ ತಣ್ಣಗಾತು. ತುಸು ಹೊತ್ತಿಗೆ ಕೋಳಿ ಕೂಗ್ತು, ಬೆಳಕಾತು ಅಂತ. ನಾ ಕಣ್ಣು ಗಟ್ಟಿ ಮುಚ್ಚಿಕೊಂಡು ಮಲಗಿದ್ದೆ. ಬಾಗಿಲಿಗಿ ನಿಮ್ಮವ್ವನೇ ಕಾವಲಿದ್ಲು, ಹೊಸಾ ಮದುಮಗಳು. ತಿಂಗಳಿಗೆ ಮಗು ಉಸಿರಿಲ್ಲದ ಹುಟ್ತು. ನೋಡೇ ನೋಡಿರ್ತಾಳ ಅಂದ್ರು ನಮ್ಮತ್ತಿ. ಎಲ್ಲಾರೂ ಹೌದಂದ್ರು." ತುಸು ನಕ್ಕರು. "ನೋಡಿದ್ರ, ಬೈಸ್ಕೊಂಡಿದ್ದಕ್ಕರ ಒಂದು ಅರ್ಥ ಇರ್ತಿತ್ತು."

ಮುಂದೆ ಎರಡು ತಿಂಗಳಿಗೆ ನಮ್ಮ ಮಗಳು ಸುಖವಾಗಿ ಹುಟ್ಟಿದಳು. ಅದಕ್ಕೂ ಗ್ರಹಣಕ್ಕೂ ಏನೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೆ ಆ ಬೆಳಿಗ್ಗೆ ನನ್ನ ಹೆಂಡತಿ ನಡುಗುವುದನ್ನು ಬಿಟ್ಟು, ಗೋಡೆಯ ಮೇಲೆ ಸೂರ್ಯ ಮತ್ತೆ ತುಂಬಿಕೊಳ್ಳುವುದನ್ನು ಬಾಯಿ ತೆರೆದು ನೋಡಿದಳಲ್ಲ, ಅಷ್ಟಕ್ಕೇ ನಾನು ಅತ್ತೆಗೆ ಸಾಯುವ ತನಕ ಋಣಿ.

ಗ್ರಹಣ ಬಿಡುತ್ತಿದ್ದಂತೆ ಅವ್ವನ ಫೋನು. ಅತ್ತೆ ನನ್ನ ಕೈಯಿಂದ ಕಸಿದುಕೊಂಡರು. ಅವರಿಗೆ ಫೋನನ್ನು ಕಿವಿಗೆ ಹಿಡಿದು ಗೊತ್ತಿಲ್ಲ, ಸ್ಪೀಕರ್ ಹಾಕಿ ಮುಖದೆದುರು ಹಿಡಿದು ಜಗಳಕ್ಕೆ ನಿಂತವರಂತೆ ಮಾತಾಡುತ್ತಾರೆ.

"ವೈನಿ, ನಾನೇ. ಹುಡುಗಿ ಹೊರಗ ಕಾಲಿಟ್ಟಿಲ್ಲ. ನೋಡಿದಾಕಿ ನಾನು. ನಾಳೆ ಏನರ ಹೆಚ್ಚುಕಡಿಮಿ ಆದ್ರ ನನ್ನ ಹೆಸರು ಹೇಳ್ರಿ, ಅಕಿಗಿ ಯಾರೂ ಒಂದು ಮಾತು ಅನ್ನಬಾರದು. ನನಗ ರೂಢಿ ಅದ."

ಆ ಕಡೆಯಿಂದ ಅವ್ವನ ದನಿ ಒಡೆದು ಬಂತು.

"ನೀ ಅವತ್ತು ಕಣ್ಣು ತಗೀಲೇ ಇಲ್ಲ. ಬಾಗಿಲ ಸಂದ್ಯಾಗಿಂದ ನಾ ನಿನ್ನನ್ನ ನೋಡ್ಲಿಕ್ಕತ್ತಿದ್ದೆ. ಹೊಸಬಳು, ನಿಮ್ಮತ್ತಿ ಮುಂದ ಬಾಯಿ ಬರಲಿಲ್ಲ. ಹೇಳಬೇಕಾಗಿತ್ತು ನಾನು."

ಅತ್ತೆ ಗೋಡೆಯ ಕಡೆ ನೋಡಿದರು. ಬೆಳಕಿನ ಬಿಲ್ಲೆ ಈಗ ಪೂರ್ತಿ ದುಂಡಗಾಗಿತ್ತು.

"ಅಳಬ್ಯಾಡ್ರಿ ವೈನಿ" ಎಂದರು. "ಇವತ್ತು ಖರೇನೇ ನೋಡೀನಿ. ಭಾಳ ಛಂದ ಇತ್ತು."